ಮುಂಬಯಿಯ ಗಾಡಿಗೆ ಯಾವ ಎಂಜಿನ್ ಆಯಿಲ್, ಎಷ್ಟು ದಿನಕ್ಕೊಮ್ಮೆ?

ಮುಂಬಯಿಯಲ್ಲಿರುವ ನಮ್ಮವರ ಕಾರುಗಳು ಓಡುವ ರೀತಿಯನ್ನು ಗಮನಿಸಿದರೆ ಅವುಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ದಿನವೂ ಥಾಣೆಯಿಂದಲೋ ಕಾಂದಿವಲಿಯಿಂದಲೋ ಹೊರಟು, ಎಕ್ಸ್‌ಪ್ರೆಸ್ ಹೈವೇ ಎಂಬ ಹೆಸರಿನ ರಸ್ತೆಯಲ್ಲಿ ತೆವಳುತ್ತ ಕಚೇರಿ ಸೇರುವ ಕಾರು ಒಂದು. ಮನೆಮಂದಿಯೆಲ್ಲ ಲೋಕಲ್ ರೈಲನ್ನೇ ನೆಚ್ಚಿಕೊಂಡಿರುವುದರಿಂದ ವಾರವಿಡೀ ಸೊಸೈಟಿಯ ಪಾರ್ಕಿಂಗ್‌ನಲ್ಲಿ ನಿಂತಿದ್ದು, ಭಾನುವಾರ ದೇವಸ್ಥಾನಕ್ಕೋ ಮದುವೆಗೋ ಮಾತ್ರ ಹೊರಬರುವ ಕಾರು ಇನ್ನೊಂದು. ಹೋಟೆಲಿನ ಸಾಮಾನಿಗಾಗಿ ನಸುಕಿನಲ್ಲಿ ವಾಶಿಯ ಮಾರುಕಟ್ಟೆಗೆ ಹೋಗಿಬಂದು ಉಳಿದ ದಿನವೆಲ್ಲ ಗಲ್ಲಿಗಳಲ್ಲಿ ಸುತ್ತುವ ಗಾಡಿ ಮೂರನೆಯದು. ಇವಕ್ಕೆಲ್ಲ ವರ್ಷದಲ್ಲಿ ಒಂದೆರಡು ಬಾರಿ ಊರಿನ ದಾರಿಯ ದೀರ್ಘ ಓಟವೂ ಸೇರಿಕೊಳ್ಳುತ್ತದೆ. ಆದರೂ ಸರ್ವಿಸ್ ಆದ ಮೇಲೆ ಗಾಜಿಗೆ ಅಂಟಿಸುವ ಚೀಟಿಯಲ್ಲಿ ಎಲ್ಲರಿಗೂ ‘10,000 ಕಿಲೋಮೀಟರ್ ಅಥವಾ 1 ವರ್ಷ’ ಎಂಬ ಒಂದೇ ಲೆಕ್ಕ ಬರೆದಿರುತ್ತದೆ. ಯಾವ ಆಯಿಲ್ ಹಾಕಬೇಕೆಂಬುದನ್ನು ಗಾಡಿಯ ಕೈಪಿಡಿಗೇ ಬಿಡಬೇಕು. ಯಾವಾಗ ಬದಲಿಸಬೇಕೆಂಬುದನ್ನು ಮಾತ್ರ ಎಂಜಿನ್ ಎಷ್ಟು ಗಂಟೆ ಓಡಿತು, ಅದರಲ್ಲಿ ಎಷ್ಟು ಸಲ ಸರಿಯಾಗಿ ಬಿಸಿಯಾಯಿತು ಎಂದು ನೋಡಿ ಮಾಲೀಕರೇ ನಿರ್ಧರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಡಬ್ಬಿಯ ಮೇಲಿನ ಅಂಕಿಗಳು

ಕೈಪಿಡಿಯ ಕೊನೆಯ ಪುಟಗಳಲ್ಲಿ ಎಂಜಿನ್ ಆಯಿಲ್ ಕುರಿತು ಒಂದು ಸಾಲು ಇರುತ್ತದೆ: ‘ಎಸ್‌ಎಇ 5ಡಬ್ಲ್ಯು-30, ಎಪಿಐ ಎಸ್‌ಪಿ’ ಎಂಬಂತೆ. ಇದರಲ್ಲಿ ಮೊದಲನೆಯದು ಆಯಿಲ್ ಎಷ್ಟು ದಪ್ಪ ಎಂಬುದನ್ನೂ ಎರಡನೆಯದು ಅದರ ಗುಣಮಟ್ಟ ಯಾವ ಪರೀಕ್ಷೆಗಳನ್ನು ದಾಟಿದೆ ಎಂಬುದನ್ನೂ ಹೇಳುತ್ತದೆ.

‘ಡಬ್ಲ್ಯು’ ಇರುವ ಅಂಕಿ ಚಳಿಗೆ ಸಂಬಂಧಿಸಿದ್ದು. 5ಡಬ್ಲ್ಯು ಆಯಿಲ್ ಎಂಜಿನ್ ಸ್ಟಾರ್ಟ್ ಮಾಡುವ ಪರೀಕ್ಷೆಯನ್ನು ಮೈನಸ್ 30 ಡಿಗ್ರಿಯಲ್ಲೂ, 15ಡಬ್ಲ್ಯು ಆಯಿಲ್ ಮೈನಸ್ 20ರಲ್ಲೂ ಎದುರಿಸಿರುತ್ತದೆ. ಜನವರಿಯ ನಸುಕಿನಲ್ಲೂ 10 ಡಿಗ್ರಿಗಿಂತ ಕೆಳಗಿಳಿಯುವುದೇ ಅಪರೂಪವಾದ ಮುಂಬಯಿಯಲ್ಲಿ ಇವೆರಡರಲ್ಲಿ ಯಾವುದೂ ಗಟ್ಟಿಯಾಗುವ ಮಾತಿಲ್ಲ. ಆದರೆ ರಾತ್ರಿಯೆಲ್ಲ ನಿಂತ ಎಂಜಿನ್ನಿನಲ್ಲಿ ಕೆಳಗಿನ, ಆಯಿಲ್ ತುಂಬಿರುವ ತೊಟ್ಟಿಯಾದ ಸಂಪ್‌ನಿಂದ ವಾಲ್ವ್ ತೆರೆಯಿಸುವ ಮೇಲಿನ ಕ್ಯಾಮ್‌ಶಾಫ್ಟ್‌ವರೆಗೆ ಆಯಿಲ್ ಬೇಗ ಏರಬೇಕಾದರೆ ಈ ಅಂಕಿ ಚಿಕ್ಕದಿದ್ದಷ್ಟೂ ಒಳ್ಳೆಯದು. ಎರಡನೆಯ ಅಂಕಿ 100 ಡಿಗ್ರಿ ಬಿಸಿಯಲ್ಲಿ ಆಯಿಲ್ ಉಳಿಸಿಕೊಳ್ಳುವ ದಪ್ಪವನ್ನು ತಿಳಿಸುತ್ತದೆ. ಈ ದಪ್ಪವನ್ನು ಸೆಂಟಿಸ್ಟೋಕ್ ಎಂಬ ಮಾನದಲ್ಲಿ ಅಳೆಯುತ್ತಾರೆ; 30ರ ಗ್ರೇಡ್ ಆ ಬಿಸಿಯಲ್ಲಿ 9.3ರಿಂದ 12.5 ಸೆಂಟಿಸ್ಟೋಕ್‌ನೊಳಗೂ 40ರ ಗ್ರೇಡ್ 12.5ರಿಂದ 16.3ರೊಳಗೂ ಇರಬೇಕು.

‘ನಮ್ಮದು ಸೆಕೆಯ ಊರು, ದಪ್ಪ ಆಯಿಲೇ ಹಾಕಿಸಿ’ ಎಂಬ ಸಲಹೆ ಗ್ಯಾರೇಜುಗಳಲ್ಲಿ ಎಡೆಬಿಡದೆ ಸಿಗುತ್ತದೆ. ಸಲಹೆ ಕೊಡುವವರ ಉದ್ದೇಶ ಒಳ್ಳೆಯದೇ, ಆದರೆ ಈಗಿನ ಕಾರಿಗೆ ಆ ಮಾತು ಹೊಂದುವುದಿಲ್ಲ. ನೀರಿನಿಂದ ತಣಿಯುವ ಎಂಜಿನ್ನಿನಲ್ಲಿ ಥರ್ಮೋಸ್ಟಾಟ್ ಎಂಬ ಕವಾಟವು ಕೂಲಂಟ್‌ನ ಬಿಸಿಯನ್ನು ಸುಮಾರು 90 ಡಿಗ್ರಿಯ ಆಸುಪಾಸಿನಲ್ಲಿ ಹಿಡಿದಿಡುತ್ತದೆ. ಡಿಸೆಂಬರಿನ ಮಹಾಬಳೇಶ್ವರದಲ್ಲಾಗಲಿ ಮೇ ತಿಂಗಳ ಕುರ್ಲಾದಲ್ಲಾಗಲಿ ಒಮ್ಮೆ ಬಿಸಿಯೇರಿದ ಮೇಲೆ ಒಳಗಿನ ಸ್ಥಿತಿ ಹೆಚ್ಚು ಕಡಿಮೆ ಒಂದೇ. ಮೇಲಾಗಿ ಹೊಸ ಎಂಜಿನ್‌ಗಳಲ್ಲಿ ಬೇರಿಂಗ್‌ಗಳ ನಡುವಿನ ಸಂದು ತೀರಾ ಕಿರಿದು. ವಾಲ್ವ್ ತೆರೆಯುವ ಸಮಯವನ್ನು ಹಿಂದುಮುಂದು ಮಾಡುವ ವ್ಯವಸ್ಥೆಯೂ ಆಯಿಲ್‌ನ ಒತ್ತಡದಿಂದಲೇ ಕೆಲಸ ಮಾಡುತ್ತದೆ. 0ಡಬ್ಲ್ಯು-20 ಕೇಳುವ ಎಂಜಿನ್ನಿಗೆ 20ಡಬ್ಲ್ಯು-50 ಸುರಿದರೆ ಈ ವ್ಯವಸ್ಥೆ ಮಂದವಾಗುತ್ತದೆ, ಪೆಟ್ರೋಲ್ ಹೆಚ್ಚು ಖರ್ಚಾಗುತ್ತದೆ, ಬೆಳಗಿನ ಸ್ಟಾರ್ಟ್‌ನಲ್ಲಿ ಸವೆತವೂ ಹೆಚ್ಚುತ್ತದೆ. ಕೆಲವು ಕೈಪಿಡಿಗಳು ಒಂದಕ್ಕಿಂತ ಹೆಚ್ಚು ಗ್ರೇಡ್‌ಗಳಿಗೆ ಒಪ್ಪಿಗೆ ಕೊಟ್ಟಿರುತ್ತವೆ. ಲಕ್ಷ ಕಿಲೋಮೀಟರ್ ದಾಟಿ ಆಯಿಲ್ ಕುಡಿಯಲು ತೊಡಗಿದ ಹಳೆಯ ಎಂಜಿನ್ನಿಗೆ ಆ ಪಟ್ಟಿಯೊಳಗೇ ಇರುವ ಹೆಚ್ಚು ದಪ್ಪದ ಗ್ರೇಡನ್ನು ಆರಿಸಿಕೊಳ್ಳಬಹುದು, ಪಟ್ಟಿಯನ್ನು ಮೀರಬಾರದು.

ಎಪಿಐ ಗುಣಮಟ್ಟದ ವಿಷಯದಲ್ಲಿ ಗೊಂದಲ ಕಡಿಮೆ. ಪೆಟ್ರೋಲ್ ಎಂಜಿನ್ನಿಗೆ ‘ಎಸ್’ನಿಂದ ಆರಂಭವಾಗುವ ಜೋಡಿ ಅಕ್ಷರಗಳಿದ್ದು, ಎರಡನೆಯ ಅಕ್ಷರ ಮುಂದೆ ಹೋದಷ್ಟೂ ಮಾನದಂಡ ಹೊಸದು: ಎಸ್‌ಎನ್ 2010ರದು, ಎಸ್‌ಪಿ 2020ರದು. ಹಿಂದಿನದನ್ನು ಕೇಳುವ ಎಂಜಿನ್ನಿಗೆ ಹೊಸದನ್ನು ಹಾಕಬಹುದು, ತಿರುಗುಮುರುಗು ಸಲ್ಲದು. ಟರ್ಬೊ ಇರುವ ಪೆಟ್ರೋಲ್ ಕಾರಿನವರು ಎಸ್‌ಪಿ ಇದೆಯೇ ಎಂದು ಕಡ್ಡಾಯವಾಗಿ ನೋಡಬೇಕು. ಫ್ಲೈಓವರ್ ಏರುವಾಗ ಗೇರ್ ಇಳಿಸದೆ ನಿಧಾನದ ವೇಗದಲ್ಲೇ ಎಂಜಿನ್ನಿನಿಂದ ಭಾರ ಎಳೆಸಿದಾಗ, ಕಿಡಿ ಹಾರುವ ಮೊದಲೇ ಸಿಲಿಂಡರಿನೊಳಗೆ ಇಂಧನ ಹೊತ್ತಿಕೊಂಡು ಪಿಸ್ಟನ್ನಿಗೇ ಪೆಟ್ಟಾಗುವ ಅಪಾಯ ಇಂಥ ಎಂಜಿನ್‌ಗಳಲ್ಲಿದೆ. ಅದನ್ನು ತಡೆಯುವ ಪರೀಕ್ಷೆ ಎಸ್‌ಪಿಯಲ್ಲಿ ಸೇರಿದೆ.

ಡೀಸೆಲ್ ಕಾರಿನವರು ಇನ್ನೂ ಎಚ್ಚರ ವಹಿಸಬೇಕು. 2020ರ ಏಪ್ರಿಲ್ 1ರಂದು ದೇಶದಾದ್ಯಂತ ಹೊಗೆಯ ಮಿತಿಯ ಬಿಎಸ್-6 ನಿಯಮ ಜಾರಿಯಾದ ಮೇಲಿನ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಡಿಪಿಎಫ್ ಫಿಲ್ಟರ್ ಇರುತ್ತದೆ. ಅದರಲ್ಲಿ ಕೂತ ಮಸಿಯನ್ನು ಸುಡಬಹುದು, ಆಯಿಲ್‌ನಿಂದ ಬಂದ ಬೂದಿಯನ್ನು ಸುಡಲಾಗದು. ಆದ್ದರಿಂದ ಕೈಪಿಡಿಯಲ್ಲಿ ಯುರೋಪಿನ ಗುಣಮಟ್ಟವಾದ ಎಸಿಇಎ ಸಿ2 ಅಥವಾ ಸಿ3 ಎಂದು ಬರೆದಿದ್ದರೆ ಆ ಗುರುತಿರುವ, ಬೂದಿ ಕಡಿಮೆಯಾಗುವ ಆಯಿಲನ್ನೇ ತರಬೇಕು. ಲಾರಿಗೆ ಹಾಕುವ ಸಿಐ-4 ಅಗ್ಗವೆಂದು ಹಾಕಿದರೆ ಉಳಿದ ಹಣದ ಹತ್ತಾರು ಪಟ್ಟು ಆ ಫಿಲ್ಟರಿಗೆ ಸುರಿಯಬೇಕಾಗುತ್ತದೆ.

ದ್ವಿಚಕ್ರ ವಾಹನಗಳಲ್ಲಿ ನೋಡಬೇಕಾದದ್ದು ಜಪಾನಿನ ಗುಣಮಟ್ಟವಾದ ಜಾಸೊ ಗುರುತು. ಗೇರ್ ಇರುವ ಬೈಕಿನಲ್ಲಿ ಕ್ಲಚ್ ಪ್ಲೇಟ್‌ಗಳು ಎಂಜಿನ್ ಆಯಿಲ್‌ನಲ್ಲೇ ಮುಳುಗಿರುವುದರಿಂದ ಎಂಎ ಅಥವಾ ಎಂಎ2 ಬೇಕು. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರಬಹುದು. ಗೇರಿಲ್ಲದ ಸ್ಕೂಟರಿಗೆ ಸಾಮಾನ್ಯವಾಗಿ ಎಂಬಿ ಸೂಚಿಸಿರುತ್ತಾರೆ. ಸಾಮಾನ್ಯ ಬೈಕಿನ ಸಂಪಿನಲ್ಲಿರುವ ಆಯಿಲ್ ಒಂದು ಲೀಟರಿನ ಆಸುಪಾಸಷ್ಟೇ. ಗಾಳಿಯಿಂದ ತಣಿಯುವ ಬೈಕು ಸಿಗ್ನಲಿನಲ್ಲಿ ನಿಂತಾಗ ನಿಜವಾಗಿಯೂ ಬಿಸಿಯೇರುತ್ತದೆ. ಆದ್ದರಿಂದ ಬೈಕಿನಲ್ಲಿ ಗ್ರೇಡ್ ಬದಲಿಸುವುದಕ್ಕಿಂತ ಆಯಿಲನ್ನು ಬೇಗ ಬದಲಿಸುವುದು ಲೇಸು.

ಮಿನರಲ್, ಸೆಮಿ ಸಿಂಥೆಟಿಕ್, ಸಿಂಥೆಟಿಕ್‌ಗಳ ಪೈಕಿ ಸಿಂಥೆಟಿಕ್ ಬಿಸಿಯನ್ನು ಹೆಚ್ಚು ಕಾಲ ತಾಳುತ್ತದೆ. ಒಮ್ಮೆ ಸಿಂಥೆಟಿಕ್ ಹಾಕಿದರೆ ಹಿಂದಿರುಗುವಂತಿಲ್ಲ ಎಂಬುದು ಸುಳ್ಳು. ಎಪಿಐ ಗುಣಮಟ್ಟದ ಆಯಿಲ್‌ಗಳು ಒಂದರೊಡನೊಂದು ಬೆರೆಯುವಂತಿರಬೇಕೆಂಬುದೇ ನಿಯಮ. ಗ್ರೇಡೂ ಗುಣಮಟ್ಟವೂ ಸರಿಯಿದ್ದರೆ ಕಂಪನಿ ಯಾವುದಾದರೂ ಆದೀತು.

ಕಿಲೋಮೀಟರಿನ ಹಿಂದಿರುವ ಗಂಟೆಗಳು

ಪುಣೆ, ಕೊಲ್ಹಾಪುರ, ಬೆಳಗಾವಿಯ ದಾರಿಯಲ್ಲಿ ಸರಾಸರಿ 60 ಕಿಲೋಮೀಟರ್ ವೇಗದಲ್ಲಿ ಓಡುವ ಕಾರು 10,000 ಕಿಲೋಮೀಟರ್ ಮುಗಿಸಲು ಸುಮಾರು 167 ಗಂಟೆ ಸಾಕು. ಘೋಡ್‌ಬಂದರ್ ರಸ್ತೆಯಲ್ಲಿ ಸರಾಸರಿ 18ರ ವೇಗದಲ್ಲಿ ಅಷ್ಟೇ ದೂರ ಕ್ರಮಿಸಲು ಸುಮಾರು 556 ಗಂಟೆ ಬೇಕು. ಚಕ್ರ ನಿಂತಿದ್ದಾಗಲೂ ಪಿಸ್ಟನ್ ಓಡುತ್ತಿರುತ್ತದೆ, ಹೊಗೆಯ ಸ್ವಲ್ಪಾಂಶ ರಿಂಗ್‌ಗಳನ್ನು ದಾಟಿ ಸಂಪಿಗಿಳಿಯುತ್ತಿರುತ್ತದೆ, ಆಮ್ಲವನ್ನು ತಣಿಸಲೆಂದು ಆಯಿಲ್‌ನಲ್ಲಿ ಬೆರೆಸಿರುವ ಕ್ಷಾರ ಕರಗುತ್ತಿರುತ್ತದೆ. ಓಡೋಮೀಟರ್ ಇದಾವುದನ್ನೂ ಎಣಿಸುವುದಿಲ್ಲ. ಕೈಪಿಡಿಯಲ್ಲಿಯೇ ‘ಕಠಿಣ ಬಳಕೆ’ ಎಂಬ ಬೇರೆ ಕೋಷ್ಟಕವಿದ್ದು, ನಿಂತು ನಿಂತು ಸಾಗುವ ದಟ್ಟಣೆ, ಚಿಕ್ಕ ಓಟ, ಧೂಳು ಇದ್ದಲ್ಲಿ ಅವಧಿಯನ್ನು ಹೆಚ್ಚಾಗಿ ಅರ್ಧಕ್ಕೆ ಇಳಿಸಿರುತ್ತಾರೆ. ಮುಂಬಯಿಯ ನಿತ್ಯದ ಓಡಾಟವೆಲ್ಲ ಈ ಕೋಷ್ಟಕದೊಳಗೇ ಬರುತ್ತದೆ.

ಲೆಕ್ಕ ಹಾಕುವ ಕ್ರಮ ಸುಲಭ. ಆಯಿಲ್ ಬದಲಿಸಿದ ದಿನ ಡ್ಯಾಶ್‌ಬೋರ್ಡಿನ ಟ್ರಿಪ್ ಮೀಟರನ್ನು ಸೊನ್ನೆಗೆ ತಂದು, ಒಂದು ತಿಂಗಳ ಬಳಿಕ ಅದು ತೋರಿಸುವ ಸರಾಸರಿ ವೇಗವನ್ನು ನೋಡಿ 300ರಿಂದ ಗುಣಿಸಬೇಕು. ಸರಾಸರಿ 20 ಇದ್ದರೆ 6,000 ಕಿಲೋಮೀಟರಿಗೆ, 25 ಇದ್ದರೆ 7,500ಕ್ಕೆ ಬದಲಿಸಬೇಕೆಂದಾಯಿತು. 300 ಗಂಟೆ ಎಂಬುದು ಕೈಪಿಡಿಯ ಎರಡು ಕೋಷ್ಟಕಗಳ ನಡುವೆ ನಾನು ಆರಿಸಿಕೊಂಡಿರುವ ಅಳತೆ. ಸಿಂಥೆಟಿಕ್ ಆಯಿಲ್ ಇರುವ ಪೆಟ್ರೋಲ್ ಕಾರಿಗೆ ಅದು ಸಲ್ಲುತ್ತದೆ. ಲೆಕ್ಕ ಎಷ್ಟೇ ಬಂದರೂ ಕೈಪಿಡಿಯ ಗರಿಷ್ಠ ಮಿತಿಯನ್ನು ದಾಟಬಾರದು. ಸರಾಸರಿ ವೇಗ ತೋರಿಸದ ಗಾಡಿಯವರು ಒಂದು ವಾರ ಹೊರಟ ಹೊತ್ತು, ತಲುಪಿದ ಹೊತ್ತು, ಓಡಿದ ದೂರ ಬರೆದಿಟ್ಟರೆ ಸಾಕು.

ಭಾನುವಾರದ ಕಾರಿಗೆ ಈ ಲೆಕ್ಕ ಮೋಸ ಮಾಡುತ್ತದೆ. ವರ್ಷಕ್ಕೆ 3,000 ಕಿಲೋಮೀಟರ್ ಮಾತ್ರ ಓಡಿದ್ದರಿಂದ ಇನ್ನೂ ಎರಡು ವರ್ಷ ತಳ್ಳಬಹುದೆಂದು ಭಾವಿಸುವುದು ಅಪಾಯಕರ. ತಣ್ಣಗಿನ ಎಂಜಿನ್ ಸ್ಟಾರ್ಟ್ ಆದಾಗ ಹೆಚ್ಚುವರಿಯಾಗಿ ಸಿಂಪಡಿಸಲಾಗುವ ಪೆಟ್ರೋಲಿನ ಒಂದಂಶ ಸಿಲಿಂಡರಿನ ಗೋಡೆಯಿಂದ ಆಯಿಲಿಗೆ ಇಳಿಯುತ್ತದೆ, ಉರಿಯುವಿಕೆಯಿಂದ ಹುಟ್ಟಿದ ನೀರಾವಿಯೂ ಅಲ್ಲಿಯೇ ಹನಿಗಟ್ಟುತ್ತದೆ. ಇವೆರಡೂ ಆವಿಯಾಗಿ ಹೊರಹೋಗಬೇಕಾದರೆ ಆಯಿಲ್ ಚೆನ್ನಾಗಿ ಕಾದು ಆ ಬಿಸಿಯಲ್ಲಿ ಸ್ವಲ್ಪ ಹೊತ್ತಾದರೂ ಇರಬೇಕು. ಮಾಟುಂಗಾದಿಂದ ದಾದರಿಗೆ ಹೋಗಿಬಂದರೆ ಅದು ಸಾಧ್ಯವಾಗುವುದಿಲ್ಲ. ಈಗ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಬೆರೆಯುತ್ತಿದ್ದು, ಅದು ನೀರನ್ನು ಹೀರುವ ಗುಣದ್ದಾದ್ದರಿಂದ ಈ ಎಚ್ಚರ ಇನ್ನೂ ಅಗತ್ಯ. ಇಂಥ ಕಾರಿಗೆ ಕಿಲೋಮೀಟರನ್ನು ಮರೆತು ವರ್ಷಕ್ಕೊಮ್ಮೆ, ಮಳೆಗಾಲ ಕಳೆದ ಮೇಲೆ ಆಯಿಲ್ ಬದಲಿಸುವುದು ಯೋಗ್ಯ. ಎರಡು ವಾರಕ್ಕೊಮ್ಮೆಯಾದರೂ ಪಾಮ್ ಬೀಚ್ ರಸ್ತೆಯಂಥ ಬಿಡುವಾದ ದಾರಿಯಲ್ಲಿ ಅರ್ಧ ಗಂಟೆ ಓಡಿಸಿದರೆ ಬ್ಯಾಟರಿಗೂ ಒಳಿತು. ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆರಿಸುವ ಅಭ್ಯಾಸ ಮಾತ್ರ ಆಯಿಲಿಗೆ ಕೆಡುಕನ್ನೇ ಮಾಡುತ್ತದೆ.

ಸಿಎನ್‌ಜಿ ಕಾರುಗಳಲ್ಲಿ ಆಯಿಲ್ ಬಹಳ ದಿನ ತಿಳಿಯಾಗಿಯೇ ಕಾಣುತ್ತದೆ, ಏಕೆಂದರೆ ಅನಿಲದಿಂದ ಮಸಿ ಕಡಿಮೆ. ಆ ಬಣ್ಣವನ್ನು ನಂಬಬಾರದು; ಅನಿಲದ ಬಿಸಿ ಉರಿಯಲ್ಲಿ ಆಯಿಲ್ ಕಣ್ಣಿಗೆ ಕಾಣದಂತೆ ಹಳಸುತ್ತದೆ. ಡೀಸೆಲ್ ಕಾರಿನಲ್ಲಿ ಇದಕ್ಕೆ ವಿರುದ್ಧವಾಗಿ ಹೊಸ ಆಯಿಲ್ ಕೆಲವೇ ನೂರು ಕಿಲೋಮೀಟರಿನಲ್ಲಿ ಕಪ್ಪಾಗುತ್ತದೆ, ಅದು ಮಸಿಯನ್ನು ತನ್ನೊಳಗೆ ತೇಲಿಸಿಟ್ಟುಕೊಂಡಿದೆ ಎಂದಷ್ಟೇ ಅರ್ಥ.

ಡಿಪ್‌ಸ್ಟಿಕ್ ಮತ್ತು ಮಳೆಗಾಲ

ತಿಂಗಳಿಗೊಮ್ಮೆ ಬಾನೆಟ್ ತೆರೆಯುವುದನ್ನು ರೂಢಿಸಿಕೊಳ್ಳಿ. ಸಮತಟ್ಟಾದ ಜಾಗದಲ್ಲಿ ಬಿಸಿ ಎಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು, ಆಯಿಲ್ ಮಟ್ಟ ತೋರಿಸುವ ಕಡ್ಡಿಯಾದ ಡಿಪ್‌ಸ್ಟಿಕ್ ಎಳೆದು, ನೂಲು ಬಿಡದ ಬಟ್ಟೆಯಲ್ಲಿ ಒರಸಿ, ಪೂರ್ತಿ ಒಳಕ್ಕೆ ತಳ್ಳಿ ಮತ್ತೆ ತೆಗೆದು ಎರಡೂ ಬದಿ ನೋಡಬೇಕು. ಮಟ್ಟ ಎರಡು ಗುರುತುಗಳ ನಡುವೆ, ಮೇಲಿನದರ ಹತ್ತಿರ ಇರಲಿ. ಅದನ್ನು ಮೀರಿದರೆ ಒಳಗೆ ತಿರುಗುವ ಕ್ರ್ಯಾಂಕ್ ದಂಡ ಬಡಿದು ಆಯಿಲ್ ನೊರೆಗಟ್ಟುತ್ತದೆ. ಬೆರಳುಗಳ ನಡುವೆ ಒಂದು ಹನಿ ಉಜ್ಜಿದಾಗ ಮರಳಿನಂತೆ ತಾಗಿದರೆ ಅಥವಾ ಬಿಸಿಲಿಗೆ ಹಿಡಿದಾಗ ಲೋಹದ ಮಿನುಗು ಕಂಡರೆ ಗ್ಯಾರೇಜಿಗೆ ಹೋಗಲು ತಡ ಮಾಡಬಾರದು. ಬಿಎಸ್-6 ಡೀಸೆಲ್ ಕಾರಿನಲ್ಲಿ ಮಟ್ಟ ಇಳಿಯುವ ಬದಲು ಏರುತ್ತಿದ್ದರೆ, ಡಿಪಿಎಫ್ ತನ್ನ ಮಸಿ ಸುಡಲು ಆರಂಭಿಸಿದ ಕೆಲಸವನ್ನು ಚಿಕ್ಕ ಓಟಗಳು ಪದೇ ಪದೇ ನಡುವೆಯೇ ನಿಲ್ಲಿಸಿವೆ, ಅದಕ್ಕೆಂದು ಸಿಂಪಡಿಸಿದ ಡೀಸೆಲ್ ಆಯಿಲಿಗೆ ಇಳಿದಿದೆ ಎಂದು ತಿಳಿಯಬೇಕು. ಅಂಥ ಆಯಿಲನ್ನು ಅವಧಿಗೆ ಕಾಯದೆ ಬದಲಿಸಬೇಕು.

ಜುಲೈ ತಿಂಗಳಲ್ಲಿ ಆಯಿಲ್ ಸುರಿಯುವ ಮುಚ್ಚಳವನ್ನು ತಿರುಗಿಸಿ ತೆಗೆದರೆ ಒಳಬದಿಯಲ್ಲಿ ಕಡೆದ ಮಜ್ಜಿಗೆಯ ಮೇಲೆ ನಿಲ್ಲುವಂಥ ಹಳದಿ ಮಿಶ್ರಿತ ಬಿಳಿ ನೊರೆ ಅಂಟಿರುವುದುಂಟು. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಶುದ್ಧವಾಗಿದ್ದು, ಕೂಲಂಟ್ ಮಟ್ಟವೂ ಇಳಿಯದಿದ್ದರೆ ಅದು ತೇವ ಹನಿಗಟ್ಟಿದ್ದಷ್ಟೇ. ಒಂದು ದೀರ್ಘ ಓಟದಿಂದ ಹೋಗುತ್ತದೆ. ಕೂಲಂಟ್ ಇಳಿಯುತ್ತಿದ್ದರೆ ಮಾತ್ರ ಎಂಜಿನ್ನಿನ ಮೇಲಿನ ಮತ್ತು ಕೆಳಗಿನ ಭಾಗಗಳ ನಡುವಿನ ಸೀಲಾದ ಹೆಡ್ ಗ್ಯಾಸ್ಕೆಟ್ ಪರೀಕ್ಷಿಸಬೇಕು.

ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ದಾಖಲಾದ 2005ರ ಜುಲೈ 26ನ್ನು ನೆನೆಯುವವರಿಗೆ ನಿಂತ ನೀರು ಗಾಡಿಗೆ ಏನು ಮಾಡುತ್ತದೆಂದು ಹೇಳಬೇಕಾಗಿಲ್ಲ. ಕಿಂಗ್ಸ್ ಸರ್ಕಲ್ಲಿನಲ್ಲೋ ಹಿಂದ್‌ಮಾತಾದಲ್ಲೋ ಕಾರು ಬಾಗಿಲ ಮಟ್ಟದ ನೀರಿನಲ್ಲಿ ನಿಂತಿದ್ದರೆ ನೀರಿಳಿದ ಮೇಲೂ ಕೀಲಿ ತಿರುಗಿಸಬೇಡಿ. ಎಳೆಸಿಕೊಂಡು ಹೋಗಿ ಗಾಳಿಯ ಫಿಲ್ಟರನ್ನೂ ಡಿಪ್‌ಸ್ಟಿಕ್ಕನ್ನೂ ನೋಡಿಸಿ. ಆಯಿಲ್ ಹಾಲುಬಣ್ಣಕ್ಕೆ ತಿರುಗಿದ್ದರೆ ಎಂಜಿನ್ ಮತ್ತು ಗೇರ್‌ಬಾಕ್ಸ್ ಎರಡರ ಆಯಿಲನ್ನೂ ಪೂರ್ತಿ ಇಳಿಸಿದ ಮೇಲೆಯೇ ಸ್ಟಾರ್ಟ್ ಮಾಡಿಸಬೇಕು.

ಬದಲಿಸುವ ದಿನ

ಆಯಿಲನ್ನು ನೀವೇ ಕೊಂಡೊಯ್ಯುವುದಾದರೆ ಬಿಲ್ ಕೊಡುವ ಅಂಗಡಿಯಿಂದ ತನ್ನಿ. ಮುಚ್ಚಳದ ಸೀಲ್, ತಯಾರಾದ ತಿಂಗಳು, ಬ್ಯಾಚ್ ಸಂಖ್ಯೆ ಅಳಿಸದಂತಿವೆಯೇ ನೋಡಿ. ಎಂಜಿನ್ ಬಿಸಿಯಿರುವಾಗ ಡ್ರೇನ್ ಬೋಲ್ಟ್ ಬಿಚ್ಚಿಸಿ, ಹನಿ ನಿಲ್ಲುವ ತನಕ ಇಳಿಯಲು ಬಿಡಬೇಕು. ಬೋಲ್ಟಿನ ವಾಷರ್ ಹೊಸದಿರಲಿ, ಆಯಿಲ್ ಫಿಲ್ಟರ್ ಪ್ರತಿ ಸಲವೂ ಹೊಸದಿರಲಿ. ಹಳೆಯ ಫಿಲ್ಟರಿನಲ್ಲಿ ಉಳಿದ ಕೊಳೆ ಹೊಸ ಆಯಿಲಿಗೆ ಬೆರೆಯುವುದು ಬೇಡ. ಎಂಜಿನ್ ಫ್ಲಶ್, ಆಯಿಲಿಗೆ ಬೆರೆಸುವ ಬಾಟಲಿ ಮದ್ದುಗಳನ್ನು ವಿನಯದಿಂದ ನಿರಾಕರಿಸಬಹುದು. ಬೇಕಾದುದೆಲ್ಲ ಆಯಿಲ್‌ನಲ್ಲಿಯೇ ಇದೆ.

ಹಳೆಯ ಆಯಿಲನ್ನು ಗಟಾರಕ್ಕೆ ಸುರಿಯಲು ಬಿಡಬಾರದು, ಅದು ನಾಲೆಗಳ ಮೂಲಕ ನೇರವಾಗಿ ಖಾರಿಗೆ, ಅಂದರೆ ಕಡಲ ಹಿನ್ನೀರಿಗೆ, ಸೇರುತ್ತದೆ. ಮರುಬಳಕೆಗೆ ಕೊಡುವ ಗ್ಯಾರೇಜನ್ನೇ ಆರಿಸಿ. ಖಾಲಿ ಡಬ್ಬಿಗೆ ಅಲ್ಲಿಯೇ ತೂತು ಹೊಡೆಸಿ, ಇಲ್ಲದಿದ್ದರೆ ಅದೇ ಡಬ್ಬಿಯಲ್ಲಿ ನಕಲಿ ಆಯಿಲ್ ತುಂಬಿ ಇನ್ನೊಬ್ಬರಿಗೆ ಮಾರಬಹುದು. ಬಿಲ್ಲಿನ ಮೇಲೆ ದಿನಾಂಕ, ಕಿಲೋಮೀಟರ್, ಗ್ರೇಡ್, ಎಪಿಐ ಅಕ್ಷರಗಳನ್ನು ಬರೆಸಿಕೊಂಡು ಕೈಪಿಡಿಯೊಳಗೇ ಇಡಬೇಕು. ವಾರಂಟಿಯ ಮಾತು ಬಂದಾಗ ಕೇಳುವುದು ಆ ಕಾಗದವನ್ನೇ.