ಬಿಟ್ಟು ಹೋಗದ್ದಕ್ಕೆ ಇಂಗ್ಲಿಷಿನಲ್ಲಿ ಯಾವ ಪದ?

ಎರಡು ದಿನದ ಜ್ವರಕ್ಕೆ ರಜೆ ಕೇಳಿದ ಪತ್ರವೊಂದರಲ್ಲಿ ‘ಕ್ರಾನಿಕ್ ಫೀವರ್’, ಅಂದರೆ ಬಹುಕಾಲದ ಜ್ವರ, ಎಂದು ಬರೆದಿದ್ದನ್ನು ಓದಿದ್ದೇನೆ. ಕೆಲಸದ ಅರ್ಜಿಯಲ್ಲಿ ತನ್ನನ್ನು ತಾನೇ ‘ಅಬ್‌ಸ್ಟಿನೇಟ್’ ಎಂದು ಹೊಗಳಿಕೊಂಡವರನ್ನೂ ಕಂಡಿದ್ದೇನೆ. ಛಲಗಾರ ಎನ್ನಲು ಹೋಗಿ ಮೊಂಡ ಎಂದು ಬರೆದು ಸಹಿ ಹಾಕಿಕೊಟ್ಟಂತಾಯಿತು. ಬೇಗ ಬಿಟ್ಟು ಹೋಗದ ಸಂಗತಿಗಳಿಗೆ ಇಂಗ್ಲಿಷಿನಲ್ಲಿ ಪದಗಳು ಹೇರಳ. ಎಡವುವವರೂ ಅಷ್ಟೇ ಹೇರಳ.

ಹೆಜ್ಜೆ 1: ಹೇಳಬೇಕಾದದ್ದನ್ನು ಮೊದಲು ಕನ್ನಡದಲ್ಲಿ ಹೇಳಿಕೊಳ್ಳಿ. ನೋವು ಇನ್ನೂ ಉಳಿದಿದೆಯೋ, ಕಾಡುತ್ತಿದೆಯೋ, ಮರುಕಳಿಸುತ್ತಿದೆಯೋ? ಕ್ರಿಯಾಪದ ಖಚಿತವಾದರೆ ಅರ್ಧ ಕೆಲಸ ಮುಗಿಯಿತು.

ಹೆಜ್ಜೆ 2: ಕಾಲು ಜಾರುವುದು ಇಲ್ಲಿ. ಎಲ್ಲರೂ ‘ಎಷ್ಟು ದಿನದಿಂದ ಇದೆ’ ಎಂದು ಲೆಕ್ಕ ಹಾಕುತ್ತಾರೆ. ಕೇಳಬೇಕಾದದ್ದು ‘ಯಾಕೆ ಇನ್ನೂ ಹೋಗಿಲ್ಲ’ ಎಂದು.

ಹೋಗುವ ದಾರಿಯಲ್ಲೇ ಇದ್ದು ಕಾಲೆಳೆಯುತ್ತಿದ್ದರೆ ಅದು ‘ಲಿಂಗರ್’. ಉದ್ದ ಎಂಬ ಅರ್ಥದ ‘ಲಾಂಗ್’ ಪದದ ಬಳಗಕ್ಕೇ ಸೇರಿದ್ದು. ದೀಪ ಆರಿದ ಮೇಲೆ ಉಳಿಯುವ ಬತ್ತಿಯ ವಾಸನೆ, ಹೊರಟೆ ಎಂದು ಎದ್ದು ಹೊಸ್ತಿಲಲ್ಲಿ ಅರ್ಧ ಗಂಟೆ ನಿಲ್ಲುವ ಅತಿಥಿ, ಇವೆಲ್ಲ ಲಿಂಗರ್. ದಿನದಿಂದ ದಿನಕ್ಕೆ ಏರುತ್ತಿರುವ ನೋವಿಗೆ ಈ ಪದ ಒಪ್ಪುವುದಿಲ್ಲ.

ಹೋಗಬೇಕಿತ್ತು, ಅಥವಾ ಯಾರೋ ಕಳಿಸಲು ನೋಡಿದರು, ಆದರೂ ನಿಂತಿದೆ ಎಂದಾದರೆ ‘ಪರ್ಸಿಸ್ಟ್’. ಇದರ ಲ್ಯಾಟಿನ್ ಮೂಲದಲ್ಲೇ ಗಟ್ಟಿಯಾಗಿ ನಿಲ್ಲುವ ಅರ್ಥವಿದೆ. ಔಷಧದ ಡಬ್ಬಿಯ ಮೇಲೆ ‘ಲಕ್ಷಣಗಳು ಮುಂದುವರಿದರೆ ವೈದ್ಯರನ್ನು ಕಾಣಿ’ ಎನ್ನುವಲ್ಲಿ ಇಂಗ್ಲಿಷಿನವರು ಇದನ್ನೇ ಬಳಸುತ್ತಾರೆ. ಔಷಧ ಎದುರು ನಿಂತಿದೆ, ಕಾಯಿಲೆ ಜಗ್ಗಿಲ್ಲ. ಹೂವು ಉದುರಿ ಕಾಯಾದರೂ ಬದನೆಯ ತಲೆಯ ಮೇಲೆ ಉಳಿಯುವ ಹಸಿರು ಟೋಪಿಯನ್ನು ಸಸ್ಯವಿಜ್ಞಾನಿಗಳು ಪರ್ಸಿಸ್ಟೆಂಟ್ ಎನ್ನುತ್ತಾರೆ. ಡಿಡಿಟಿಯಂಥ, ಮಣ್ಣಿನಲ್ಲಿ ಸುಲಭವಾಗಿ ಕರಗಿ ಹೋಗದ ವಿಷಗಳಿಗೂ 2001ರ ಸ್ಟಾಕ್‌ಹೋಮ್ ಒಪ್ಪಂದದಲ್ಲಿ ಇದೇ ವಿಶೇಷಣ.

‘ಸ್ಟಬರ್ನ್’ ಎನ್ನಬೇಕಾದರೆ ನೀವು ತಿಕ್ಕಿ ತಿಕ್ಕಿ ಸೋತಿರಬೇಕು. ಇನ್ನೂ ನೀರು ಸೋಕದ ಕಲೆ ಬರೀ ಕಲೆ, ಸ್ಟಬರ್ನ್ ಕಲೆಯಲ್ಲ.

ದಿನದ ಲೆಕ್ಕ ಬೇಕಾಗುವುದು ‘ಕ್ರಾನಿಕ್’ ಒಂದಕ್ಕೇ, ಅದು ಕಾಲವನ್ನಷ್ಟೇ ಹೇಳುತ್ತದೆ. ಗ್ರೀಕಿನಲ್ಲಿ ಕ್ರೋನೋಸ್ ಎಂದರೆ ಕಾಲ. ತೀವ್ರತೆಗೂ ಇದಕ್ಕೂ ಸಂಬಂಧವಿಲ್ಲ. ವಯಸ್ಕರ ಕೆಮ್ಮು 8 ವಾರ ದಾಟಿದರೆ ವೈದ್ಯರು ಕ್ರಾನಿಕ್ ಎನ್ನುತ್ತಾರೆ, ನೋವಾದರೆ 3 ತಿಂಗಳು ದಾಟಬೇಕು. ಎರಡು ದಿನದ ಜ್ವರ ಎಷ್ಟೇ ಸುಡಲಿ, ಕ್ರಾನಿಕ್ ಆಗದು.

ಹೆಜ್ಜೆ 3: ಹೋಗಿ ಮತ್ತೆ ಬರುತ್ತದೆಯೇ? ಹಾಗಾದರೆ ಮೇಲಿನ ಯಾವುದೂ ಬೇಡ, ‘ರಿಕರಿಂಗ್’ ಸಾಕು. ನಡುನಡುವೆ ಬಿಡುವು ಕೊಟ್ಟು ಪದೇ ಪದೇ ಆಗುವುದು ‘ಕಂಟಿನ್ಯುಯಲ್’, ಒಂದು ಕ್ಷಣವೂ ಕಡಿಯದೆ ಸಾಗುವುದು ‘ಕಂಟಿನ್ಯುಯಸ್’.

ನಡುವೆ ಒಂದು ಮಾತು. ಸಮಾನಾರ್ಥಕ ಪದಗಳ ಮೊಬೈಲ್ ಆ್ಯಪ್‌ಗಳನ್ನು ಈ ಕೆಲಸಕ್ಕೆ ತೆರೆಯಲೇಬೇಡಿ. ಹೆಜ್ಜೆ 2ರ ನಾಲ್ಕು ಪದಗಳನ್ನೂ ಅವು ಒಂದೇ ಸಾಲಿನಲ್ಲಿ ಅಣ್ಣತಮ್ಮಂದಿರಂತೆ ಕೂರಿಸುತ್ತವೆ. ಪದವನ್ನು ವಾಕ್ಯದಲ್ಲಿಟ್ಟು ತೋರಿಸುವ ನಿಘಂಟೇ ಬೇಕು. ಉದಾಹರಣೆ ಇಲ್ಲದ ನಿಘಂಟನ್ನು ನಾನಂತೂ ಮುಟ್ಟುವುದಿಲ್ಲ.

ಹೆಜ್ಜೆ 4: ಮಾತು ಮನುಷ್ಯರ ಬಗ್ಗೆಯಾದರೆ ಹೊಗಳಿಕೆಯೋ ತೆಗಳಿಕೆಯೋ ನೋಡಿಕೊಳ್ಳಿ. ಉಡದ ಪಟ್ಟು ಹಿಡಿದು ಗುರಿ ಮುಟ್ಟುವವರು ‘ಟೆನೇಶಸ್’. ಅದೇ ಪಟ್ಟು ನಿಮಗೆ ಹಿಡಿಸದಿದ್ದರೆ ‘ಅಬ್‌ಸ್ಟಿನೇಟ್’. ‘ಇನ್ವೆಟರೇಟ್’ ಎಂಬುದರಲ್ಲಿ ಹಳತು ಎಂಬರ್ಥದ ಲ್ಯಾಟಿನ್ ಪದ ಅಡಗಿದೆ. ಸುಳ್ಳುಗಾರ, ಜೂಜುಕೋರರ ಹಿಂದೆಯೇ ಇದು ಹೆಚ್ಚಾಗಿ ಸುತ್ತುತ್ತದೆ. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ನಮ್ಮ ಗಾದೆಯ ಹತ್ತಿರದ ನೆಂಟ. ‘ಲಾಯ್ಟರ್’ ಕೂಡ ಸುಮ್ಮನೆ ನಿಲ್ಲುವುದೇ, ಆದರೆ ನಿಂತವರ ಮೇಲೆ ಅನುಮಾನದ ಕಣ್ಣಿರುತ್ತದೆ. ಸಂಜೆಯ ಬೆಳಕಿಗೆ ಈ ಪದ ಹಾಕಿದರೆ ಬೆಳಕನ್ನು ಪೊಲೀಸರಿಗೆ ಒಪ್ಪಿಸಿದಂತೆ.

ಹೆಜ್ಜೆ 5: ಉಳಿಯಲಿ ಎಂದು ನೀವೇ ಬಯಸುವುದಕ್ಕೆ ‘ಲಾಸ್ಟಿಂಗ್’. ಸ್ನೇಹ, ಶಾಂತಿ, ನೆನಪು ಎಲ್ಲಕ್ಕೂ ಸಲ್ಲುತ್ತದೆ. ಕಷ್ಟ ಕಂಡು ಗಟ್ಟಿಯಾಗಿ ಉಳಿದದ್ದಾದರೆ ‘ಎಂಡ್ಯೂರಿಂಗ್’ ಎನ್ನಬಹುದು. ‘ಪರ್ಮನೆಂಟ್’ ಎಂಬುದನ್ನು ಜಿಪುಣರಂತೆ ಬಳಸಿ. ಆ ಹೆಸರು ಹೊತ್ತ ಮಾರ್ಕರಿನ ಶಾಯಿಯೇ ಬಿಳಿ ಬೋರ್ಡಿನ ಮೇಲಿಂದ ಸ್ಪಿರಿಟ್ ತಾಗಿದರೆ ಅಳಿಸಿ ಹೋಗುತ್ತದೆ.

ಹೆಜ್ಜೆ 6: ಪದದ ಅಕ್ಕಪಕ್ಕ ನೋಡಿ. ‘ಪರ್ಸಿಸ್ಟ್’ ಮುಂದೆ ‘ಇನ್’ ಅಥವಾ ‘ವಿತ್’ ಬರುತ್ತದೆ, ‘ಟು’ ಬರುವುದಿಲ್ಲ. ಅವಧಿ ಹೇಳುವಾಗ ‘ಫಾರ್’, ಶುರುವಾದ ದಿನ ಹೇಳುವಾಗ ‘ಸಿನ್ಸ್’. ಆ ರಜೆ ಪತ್ರದಲ್ಲಿ ಕ್ರಾನಿಕ್ ಜೊತೆಗೆ ‘ಸಿನ್ಸ್ ಟೂ ಡೇಸ್’ ಎಂದೂ ಇತ್ತು. ಅದನ್ನು ‘ಫಾರ್ ಟೂ ಡೇಸ್’ ಎಂದು ತಿದ್ದಿ ಕ್ರಾನಿಕ್ ಅನ್ನು ಹೊಡೆದು ಹಾಕಿದ್ದರೆ ಸಾಕಿತ್ತು. ಎರಡು ದಿನದ ಜ್ವರಕ್ಕೆ ಜ್ವರ ಎಂಬ ಪದವೊಂದೇ ಸಾಲುತ್ತದೆ.