ಕಥೆಯಿಲ್ಲದ ಮ್ಯೂಸಿಕ್ ವಿಡಿಯೊ: ಗ್ರಾಫ್ ಹಾಳೆ ಹಿಡಿದು ನೋಡುವುದು ಹೇಗೆ?

ನಾಯಕನಿಲ್ಲ, ನಾಯಕಿಯಿಲ್ಲ, ಹಾಡುತ್ತಿರುವ ಮುಖವೂ ಇಲ್ಲ. ರೈಲಿನ ಕಿಟಕಿಯಾಚೆ ಕಂಬ, ಕಟ್ಟಡ, ಕಾರ್ಖಾನೆಗಳು ಸರಿದು ಹೋಗುತ್ತವೆ, ಅಷ್ಟೇ. ಎಲೆಕ್ಟ್ರಾನಿಕ್ ಸಂಗೀತ ಮಾಡುವ ಇಂಗ್ಲೆಂಡಿನ ಕೆಮಿಕಲ್ ಬ್ರದರ್ಸ್ ಜೋಡಿಯ ‘ಸ್ಟಾರ್ ಗಿಟಾರ್’ (2002) ಹಾಡಿಗೆ ಫ್ರಾನ್ಸಿನ ನಿರ್ದೇಶಕ ಮಿಶೆಲ್ ಗೊಂಡ್ರಿ ಮಾಡಿದ ವಿಡಿಯೊ ಇದು. ನೋಡಿದವರು ಮೊದಲು ಕೇಳುವುದು ‘ಇದರ ಅರ್ಥ ಏನು?’ ಎಂದು. ಆ ಪ್ರಶ್ನೆಯನ್ನು ಕೊನೆಗಿಟ್ಟುಕೊಳ್ಳಿ. ಮೊದಲು ಕೇಳಬೇಕಾದ್ದು, ಯಾವ ಸದ್ದಿಗೆ ಯಾವ ವಸ್ತು ಎಂದು.

ಕೈ ಪಳಗಲು ಉತ್ತರ ಗೊತ್ತಿರುವ ಲೆಕ್ಕದಿಂದ ಶುರು ಮಾಡುವುದು ಒಳ್ಳೆಯದು. ಫ್ರಾನ್ಸಿನ ಎಲೆಕ್ಟ್ರಾನಿಕ್ ಸಂಗೀತದ ಜೋಡಿ ಡಾಫ್ಟ್ ಪಂಕ್‌ನ ‘ಅರೌಂಡ್ ದಿ ವರ್ಲ್ಡ್’ (1997) ಕೂಡ ಗೊಂಡ್ರಿಯದೇ. ನೃತ್ಯ ಸಂಯೋಜನೆ ಬ್ಲಾಂಕಾ ಲಿ ಅವರದು. ಅಲ್ಲಿ ಕುಣಿಯುವ ಪ್ರತಿ ಗುಂಪೂ ಒಂದೊಂದು ಸದ್ದು. ರೋಬೋಗಳು ಯಂತ್ರದಂತೆ ಕೇಳುವ ಹಾಡಿನ ದನಿ, ಈಜಿಪ್ಟಿನ ಮಮ್ಮಿಗಳು (ಬಟ್ಟೆ ಸುತ್ತಿದ ಶವಗಳು) ಡ್ರಮ್ ಮಷೀನ್, ಅಸ್ಥಿಪಂಜರಗಳು ಗಿಟಾರ್, ಹುಡುಗಿಯರು ಕೀಬೋರ್ಡ್. ದೊಡ್ಡ ಮೈಯ ಕ್ರೀಡಾಪಟುಗಳು ಬೇಸ್, ಅಂದರೆ ತಗ್ಗು ಸ್ವರದ ಗಿಟಾರ್. ಬೇಸ್ ಸ್ವರ ಏರಿಳಿದಂತೆ ಅವರು ಮೆಟ್ಟಿಲು ಹತ್ತಿ ಇಳಿಯುವುದನ್ನು ಗಮನಿಸಿ. ಒಮ್ಮೆಗೆ ಒಂದೇ ಗುಂಪನ್ನು ನೋಡುತ್ತ ಐದು ಸಲ ನೋಡಿದರೆ ಕಿವಿ–ಕಣ್ಣು ಒಂದಾಗುತ್ತವೆ.

ಈಗ ರೈಲಿಗೆ ಬನ್ನಿ. ಮೊದಲು ಪರದೆ ನೋಡದೆ ಹಾಡನ್ನಷ್ಟೇ ಕೇಳಿ. ಕೇಳಿದ ಸದ್ದುಗಳಿಗೆ ನಿಮ್ಮದೇ ಹೆಸರಿಡಿ: ‘ಧಡ್’, ‘ಟಿಸ್’, ‘ಗುಂಯ್’, ‘ದನಿ’. ಆರಕ್ಕಿಂತ ಹೆಚ್ಚು ಬೇಡ, ಪಟ್ಟಿ ಕೈಮೀರುತ್ತದೆ. ಹದಿನೈದು ಸೆಕೆಂಡಿನಲ್ಲಿ ಎಷ್ಟು ಬೀಟ್ (ತಾಳದ ಪೆಟ್ಟು) ಎಂದು ಎಣಿಸಿ ನಾಲ್ಕರಿಂದ ಗುಣಿಸಿದರೆ ವೇಗ ಸಿಗುತ್ತದೆ. ಆದಿತಾಳ ಹಾಕಿ ರೂಢಿಯಿರುವವರಿಗೆ ಇದು ಸಲೀಸು. ನಿಮಿಷಕ್ಕೆ 120 ಬೀಟ್ ಇರುವ ಹಾಡಾದರೆ ಬೀಟಿಗೆ ಅರ್ಧ ಸೆಕೆಂಡು; 64 ಬೀಟ್ ಎಂದರೆ 32 ಸೆಕೆಂಡು. ಒಂದು ಸಲಕ್ಕೆ ಇಷ್ಟು ಭಾಗ ಸಾಕು. ಇಡೀ ಹಾಡನ್ನು ಹಿಡಿಯಲು ಹೋದವರು ಅರ್ಧಕ್ಕೇ ಕೈಬಿಡುತ್ತಾರೆ.

ಎ4 ಗ್ರಾಫ್ ಹಾಳೆಯನ್ನು ಅಡ್ಡ ಇಟ್ಟು, ಬೀಟಿಗೆ 4 ಮಿ.ಮೀ.ನಂತೆ 64 ಕಾಲಂ ಎಳೆಯಿರಿ. ಸದ್ದಿಗೊಂದು ಸಾಲು; ಆ ಸದ್ದು ಬಂದ ಬೀಟಿನ ಕಾಲಂನಲ್ಲಿ ಗುರುತು ಹಾಕಿ. ಗೊಂಡ್ರಿ ಕೂಡ ವಿಡಿಯೊ ಮಾಡುವ ಮೊದಲು ಹಾಡನ್ನು ಗ್ರಾಫ್ ಹಾಳೆಯಲ್ಲಿ ಗುರುತು ಹಾಕಿಕೊಂಡಿದ್ದರು. ಕಿತ್ತಳೆ ಹಣ್ಣು, ಫೋರ್ಕ್, ಪುಸ್ತಕ, ಬೂಟುಗಳನ್ನು ಸಾಲಾಗಿಟ್ಟು ದೃಶ್ಯದ ಮಾದರಿ ಕಟ್ಟಿದ್ದರು. ಅವರು ಹೋದ ದಾರಿಯಲ್ಲಿ ನಾವು ಹಿಮ್ಮುಖವಾಗಿ ನಡೆಯುತ್ತಿದ್ದೇವೆ.

ಮುಂದಿನದು ಸದ್ದು ಬಂದ್ ಮಾಡಿ ನೋಡುವುದು. ಕಂಡದ್ದನ್ನಷ್ಟೇ ಬರೆಯಿರಿ: ‘ಕಂಬ’, ‘ಕಟ್ಟಡ’, ‘ಎದುರು ರೈಲು’. ‘ಒಂಟಿತನ’ ಎಂದು ಬರೆದಿರೋ, ಅಲ್ಲಿಗೆ ವಿಶ್ಲೇಷಣೆ ಮುಗಿದು ಕವಿತೆ ಶುರುವಾಯಿತು!

ಆಮೇಲೆ ಎರಡನ್ನೂ ಸೇರಿಸಿ: ಸದ್ದಿನ ಜೊತೆ ನೋಡುತ್ತ, ಯಾವ ಸದ್ದಿಗೆ ಯಾವ ವಸ್ತು ಬಂತೆಂದು ಹಾಳೆಯಲ್ಲಿ ಗುರುತಿಸಿ. ಯೂಟ್ಯೂಬನ್ನು ಕಂಪ್ಯೂಟರಿನಲ್ಲಿ ನಿಲ್ಲಿಸಿ ಪೂರ್ಣವಿರಾಮದ ಕೀಲಿ ಒತ್ತಿದರೆ ಒಂದು ಫ್ರೇಮ್ (ವಿಡಿಯೊದ ಒಂದು ಬಿಡಿ ಚಿತ್ರ) ಮುಂದೆ, ಅಲ್ಪವಿರಾಮದ ಕೀಲಿ ಒತ್ತಿದರೆ ಒಂದು ಫ್ರೇಮ್ ಹಿಂದೆ ಹೋಗುತ್ತದೆ. ಬ್ಲೂಟೂತ್ ಇಯರ್‌ಫೋನ್ ಬೇಡ. ಅದರಲ್ಲಿ ಸದ್ದು ತುಸು ತಡವಾಗಿ ಬರುವುದುಂಟು, ಆಗ ಕಂಬವೇ ಬೀಟಿಗಿಂತ ಮುಂಚೆ ಬಂದಂತೆ ಕಾಣುತ್ತದೆ. ತಂತಿಯ ಇಯರ್‌ಫೋನೇ ಸರಿ.

ಇಲ್ಲೊಂದು ಮೋಸವಿದೆ. ಯಾವ ಹಾಡಿಗೆ ಯಾವ ದೃಶ್ಯ ಜೋಡಿಸಿದರೂ ಅಲ್ಲಲ್ಲಿ ತಾಳೆಯಾದಂತೆ ನಮಗೆ ಅನ್ನಿಸುತ್ತದೆ. ಅದಕ್ಕೇ ವಿಡಿಯೊವನ್ನು ಮೂಕವಾಗಿಸಿ, ಬೇರೆ ಫೋನಿನಲ್ಲಿ ಬೇರೆ ವೇಗದ ಹಾಡು ಹಾಕಿ ಅದೇ 64 ಬೀಟ್ ಗುರುತಿಸಿ. ಆಗಲೂ ಅಷ್ಟೇ ತಾಳೆ ಸಿಕ್ಕರೆ ನಿಮ್ಮ ಮೊದಲ ಹಾಳೆಯನ್ನು ನಂಬಬೇಡಿ.

ಹಾಳೆ ತುಂಬಿದ ಮೇಲೆ ‘ಈ ಸದ್ದಿಗೆ ಈ ವಸ್ತು’ ಎಂಬ ನಿಯಮ ಮುರಿದ ಜಾಗಗಳನ್ನು ಹುಡುಕಿ. ಡ್ರಮ್ ನಿಂತಾಗ ಅದರ ವಸ್ತುವೂ ಮಾಯವಾಯಿತೇ? ಹೊಸ ಸದ್ದು ಬಂದರೂ ಕಿಟಕಿಯಲ್ಲಿ ಹೊಸದೇನೂ ಬರಲಿಲ್ಲವೇ? ನಿರ್ದೇಶಕನ ಆಯ್ಕೆ ಎದ್ದು ಕಾಣುವುದು ಇಂಥಲ್ಲೇ.

ರೂಢಿಯ ಮಾತು ಬೇಗ ಮುಗಿಯುತ್ತದೆ. ಸಾಮಾನ್ಯ ಮ್ಯೂಸಿಕ್ ವಿಡಿಯೊದಲ್ಲಿ ಇರುವ ಗಾಯಕರ ಕ್ಲೋಸಪ್, ತುಟಿ ಹೊಂದಾಣಿಕೆ, ಕಥೆಯ ಎಳೆ ಇವುಗಳಲ್ಲಿ ಏನನ್ನು ಬಿಟ್ಟಿದ್ದಾರೆ, ಬಿಟ್ಟ ಜಾಗದಲ್ಲಿ ಏನಿಟ್ಟಿದ್ದಾರೆ ಎಂದು ಬರೆಯಿರಿ. ‘ಹೊಸ ಪ್ರಯೋಗ’ ಎನ್ನುವ ಮುನ್ನ ಮಾತ್ರ ಸ್ವಲ್ಪ ತಡೆಯಿರಿ. ಪ್ರಯೋಗಶೀಲ ಚಿತ್ರ ನಿರ್ದೇಶಕ ಲೆನ್ ಲೈ 1935ರಲ್ಲೇ ಫಿಲ್ಮಿನ ಮೇಲೆ ನೇರ ಬಣ್ಣ ಬಳಿದು ಸಂಗೀತಕ್ಕೆ ಕುಣಿಸಿದ್ದರು; ಆನಿಮೇಷನ್ ನಿರ್ದೇಶಕ ನಾರ್ಮನ್ ಮೆಕ್ಲಾರೆನ್ 1949ರಲ್ಲಿ ಪಿಯಾನೊ ವಾದಕ ಆಸ್ಕರ್ ಪೀಟರ್‌ಸನ್ನರ ಜಾಝ್‌ಗೆ ಅದನ್ನೇ ಮಾಡಿದರು.

ಇನ್ನು ಸಂಕೇತ. ಯಾವುದಾದರೂ ವಸ್ತು ಸಂಕೇತ ಅನ್ನಿಸಿದರೆ ಅದನ್ನು ಮನಸ್ಸಿನಲ್ಲೇ ತೆಗೆದು ಬೇರೆಯದನ್ನಿಟ್ಟು ನೋಡಿ. ಕಂಬದ ಜಾಗದಲ್ಲಿ ತೆಂಗಿನಮರ ಇಟ್ಟರೂ ಬೀಟ್ ಹಾಗೇ ಉಳಿಯುತ್ತದೆ. ಅಂದರೆ ಕಂಬ ಅಲ್ಲಿ ಬರೀ ತಾಳದ ಗುರುತು, ಅದಕ್ಕೆ ಗೂಢಾರ್ಥ ಕಟ್ಟಬೇಕಿಲ್ಲ. ರೈಲನ್ನು ತೆಗೆದು ನೋಡಿ: ಎತ್ತಿನಗಾಡಿ ಹತ್ತಿದರೆ ಎಲ್ಲವೂ ಕುಸಿಯುತ್ತದೆ. ಸಮ ಅಂತರ, ಒಂದೇ ವೇಗ, ಬಂದದ್ದೇ ಮತ್ತೆ ಬರುವುದು, ಇವು ಯಂತ್ರದಲ್ಲಿ ಹುಟ್ಟಿದ ಈ ಸಂಗೀತದ ಗುಣವೂ ಹೌದು, ಹಳಿಯ ಮೇಲಿನ ಪಯಣದ ಗುಣವೂ ಹೌದು. ಅರ್ಥ ಹೇಳುವುದಿದ್ದರೆ ಹೀಗೆ ಕದಲದೆ ಉಳಿದದ್ದಕ್ಕೆ ಹೇಳಿ. ಬೆಳಕನ್ನೂ ಇದೇ ಪರೀಕ್ಷೆಗೆ ಒಡ್ಡಿ: ಫ್ರಾನ್ಸಿನ ನೀಮ್ ಮತ್ತು ವಲಾನ್ಸ್ ಊರುಗಳ ನಡುವಿನ ರೈಲು ದಾರಿಯನ್ನು ಗೊಂಡ್ರಿ ದಿನದ ಬೇರೆ ಬೇರೆ ಹೊತ್ತಿನಲ್ಲಿ ಹತ್ತು ಸಲ ಚಿತ್ರೀಕರಿಸಿದ್ದು ಬೆಳಕಿನ ಛಾಯೆಗಳಿಗಾಗಿಯೇ.

ಬರೆಯಲು ಕೂತಾಗ ಪ್ರತಿ ಮಾತಿನ ಪಕ್ಕ ನಿಮಿಷ–ಸೆಕೆಂಡ್ ನಮೂದಿಸಿ. ಹೊತ್ತು ತೋರಿಸಲಾಗದ ವಾಕ್ಯವನ್ನು ಹೊಡೆದುಹಾಕಿ.