ಮಗುವಿಗೆ ಮಾತು ತಡವೇ? ಕಾಯುವ ಬದಲು ಹೀಗೆ ಮಾಡಿ

ಮುಂಬೈಯ ಕನ್ನಡ ಮನೆಗಳಲ್ಲಿ ಒಂದೂವರೆ ವರ್ಷವಾದರೂ ಮಗು ಮಾತಾಡದಿದ್ದರೆ ಸಿಗುವ ಸಮಾಧಾನ ಸಾಮಾನ್ಯವಾಗಿ ಒಂದೇ: ‘ಮನೇಲಿ ಕನ್ನಡ, ನೋಡಿಕೊಳ್ಳೋ ಮಾವಶಿಯದು ಮರಾಠಿ, ಕೆಳಗೆ ಆಡೋಕೆ ಹೋದ್ರೆ ಹಿಂದಿ. ಗೊಂದಲ ಆಗಿದೆ, ತಾನಾಗಿ ಬರುತ್ತೆ ಬಿಡಿ.’ ಇದನ್ನು ನಂಬಿ ವರ್ಷ ಕಳೆಯಬೇಡಿ. ಮಾತು ತಡವಾಗಲು ಕೆಲವೊಮ್ಮೆ ಆಟಿಸಂ, ಅಂದರೆ ಬೇರೆಯವರೊಡನೆ ಬೆರೆಯುವ, ಹೇಳಿ-ಕೇಳುವ ರೀತಿಯೇ ಭಿನ್ನವಾಗಿರುವ ಬೆಳವಣಿಗೆಯ ಸ್ಥಿತಿ, ಕಾರಣವಿರಬಹುದು. ಮೂರು ಭಾಷೆ ಕೇಳಿ ಬೆಳೆದರೆ ಆಟಿಸಂ ಬರುವುದಿಲ್ಲ. ಪದಗಳು ಮೂರು ಭಾಷೆಗೆ ಹಂಚಿಹೋಗಿರಬಹುದು ನಿಜ; ಹಾಗಾಗಿ ಎಲ್ಲ ಭಾಷೆಯವನ್ನೂ ಸೇರಿಸಿಯೇ ಎಣಿಸಿ. 16 ತಿಂಗಳಿಗೆ ಕೆಲವಾದರೂ ಬಿಡಿ ಪದ, 24 ತಿಂಗಳಿಗೆ ‘ಅಮ್ಮ ಬಾ’, ‘ಪಾಣಿ ಬೇಕು’ ಎಂಬಂಥ ಜೋಡಿ ಪದ ಇರಬೇಕು. ಬಂದಿದ್ದ ಮಾತೋ ಟಾಟಾ ಮಾಡುವುದೋ ಯಾವ ವಯಸ್ಸಿನಲ್ಲಾದರೂ ನಿಂತುಹೋದರೆ ಅದೇ ವಾರ ವೈದ್ಯರನ್ನು ಕಾಣಿ.

ಮೊದಲು ಮನೆಯಲ್ಲೇ ಗಮನಿಸಿ

ಮಗು ಆಟದಲ್ಲಿ ಮುಳುಗಿರುವಾಗ ಮೂರ್ನಾಲ್ಕು ಅಡಿ ಹಿಂದೆ ನಿಂತು ಸಹಜ ದನಿಯಲ್ಲಿ ಹೆಸರು ಕರೆಯಿರಿ. ಚಪ್ಪಾಳೆ ಬೇಡ, ಮೈ ಮುಟ್ಟುವುದೂ ಬೇಡ, ಟಿವಿ ಆಫ್ ಇರಲಿ. ಸ್ವಲ್ಪ ಬಿಟ್ಟು ಮತ್ತೆ ಕರೆಯಿರಿ. ವರ್ಷ ತುಂಬಿದ ಮಗು ಹೆಚ್ಚಿನ ಸಲ ತಿರುಗಿ ಮುಖ ನೋಡುತ್ತದೆ.

ಇದಕ್ಕಿಂತ ಹೆಚ್ಚು ಹೇಳುವುದು ತೋರುಬೆರಳು. ಬಿಸ್ಕೆಟ್ ಬೇಕೆಂದು ಡಬ್ಬಿಯತ್ತ ಬೆರಳು ಮಾಡುವುದು ಒಂದು ಬಗೆ. ಕಿಟಕಿಯ ಗ್ರಿಲ್ ಮೇಲೆ ಕಾಗೆ ಕೂತಾಗ ಅದನ್ನು ತೋರಿಸಿ, ‘ನೀನೂ ನೋಡಿದೆಯಾ’ ಎಂಬಂತೆ ನಿಮ್ಮ ಮುಖಕ್ಕೆ ತಿರುಗುವುದು ಇನ್ನೊಂದು. ಕಾಗೆ ಅದಕ್ಕೆ ಬೇಕಿಲ್ಲ, ನೋಡಿದ ಖುಷಿಯನ್ನು ಹಂಚಿಕೊಳ್ಳಬೇಕು. ಆಟಿಸಂ ಇರುವ ಮಕ್ಕಳಲ್ಲಿ ಕಡಿಮೆ ಕಾಣುವುದು ಈ ಎರಡನೆಯದೇ. ಬೆರಳು ತೋರಿಸುವ ಬದಲು ನಿಮ್ಮ ಕೈ ಹಿಡಿದೆಳೆದು ಡಬ್ಬಿಯ ಮೇಲಿಡುವುದನ್ನೂ ಗಮನಿಸಿ. ಮಾತು ಮಾತ್ರ ತಡವಾದ ಮಗು ಸನ್ನೆ, ನೋಟ, ಬೆರಳಿನಲ್ಲೇ ಇಡೀ ಸಂಗತಿ ಹೇಳಿಬಿಡುತ್ತದೆ. ಆಟಿಸಂಗೂ ಬರೀ ತಡವಾದ ಮಾತಿಗೂ ಇರುವ ವ್ಯತ್ಯಾಸ ಅದು.

ಕಂಡದ್ದನ್ನು ಮೊಬೈಲಿನಲ್ಲಿ ಒಂದೆರಡು ನಿಮಿಷದ ತುಣುಕುಗಳಾಗಿ ಚಿತ್ರಿಸಿ: ಹೆಸರು ಕರೆದಾಗ, ಒಬ್ಬನೇ ಆಡುವಾಗ, ಊಟದ ಹೊತ್ತು, ರೆಕ್ಕೆಯಂತೆ ಕೈ ಬಡಿಯುವುದು ಅಥವಾ ಚಕ್ರ ತಿರುಗಿಸುತ್ತಲೇ ಇರುವುದು ಇದ್ದರೆ ಅದು. ಹೊಸ ಜಾಗದಲ್ಲಿ ಅಳುವ ಮಗುವಿನಿಂದ ವೈದ್ಯರಿಗೆ ತಿಳಿಯದ್ದು ಈ ತುಣುಕುಗಳಿಂದ ತಿಳಿಯುತ್ತದೆ.

ಇಪ್ಪತ್ತು ಪ್ರಶ್ನೆ, ಒಂದು ಕಿವಿ ಪರೀಕ್ಷೆ

16ರಿಂದ 30 ತಿಂಗಳ ಮಕ್ಕಳಿಗೆ ಆಟಿಸಂ ಸಾಧ್ಯತೆ ಅಳೆಯುವ ಎಂ-ಚ್ಯಾಟ್-ಆರ್ ಎಂಬ 20 ಹೌದು-ಇಲ್ಲ ಪ್ರಶ್ನೆಗಳ ಪಟ್ಟಿ ಇದೆ. ಮಕ್ಕಳ ವೈದ್ಯರನ್ನು ಕೇಳಿ ಮಾಡಿಸಿ. 2, 5, 12ನೇ ಪ್ರಶ್ನೆಗಳಿಗೆ ‘ಹೌದು’ ಎಂದರೆ ಅಂಕ, ಉಳಿದವಕ್ಕೆ ‘ಇಲ್ಲ’ ಎಂದರೆ ಅಂಕ. 0–2 ಬಂದರೆ ಅಪಾಯ ಕಡಿಮೆ. ಆದರೂ ಎರಡು ವರ್ಷ ತುಂಬಿರದಿದ್ದರೆ ತುಂಬಿದ ಮೇಲೆ ಇನ್ನೊಮ್ಮೆ ಮಾಡಿಸಬೇಕು. 3–7 ಬಂದರೆ ವಿವರವಾದ ಎರಡನೇ ಸುತ್ತಿನ ಪ್ರಶ್ನೆಗಳು. 8 ಅಥವಾ ಹೆಚ್ಚಾದರೆ ನೇರ ತಜ್ಞರ ಬಳಿಗೆ. ಪ್ರೀತಿಯಿಂದ ಆಗುವ ತಪ್ಪು ಇಲ್ಲೇ: ‘ಹೋದ ತಿಂಗಳು ಒಂದು ಸಲ ಮಾಡಿದ್ದ’ ಎಂದು ‘ಹೌದು’ ಬರೆಸುವುದು. ಮಗು ಸಾಮಾನ್ಯವಾಗಿ ಮಾಡದಿದ್ದರೆ ಉತ್ತರ ‘ಇಲ್ಲ’. ಈ ಅಂಕ ರೋಗನಿರ್ಣಯವಲ್ಲ, ಮುಂದೆ ಯಾರನ್ನು ಕಾಣಬೇಕೆಂದು ತಿಳಿಸುತ್ತದೆ, ಅಷ್ಟೆ.

ಕಿವಿ ಪರೀಕ್ಷೆ ಬಿಡಲೇಬಾರದು. ಚಿಪ್ಸ್ ಪ್ಯಾಕೆಟ್ಟಿನ ಸದ್ದಿಗೆ ಓಡಿಬರುವ ಮಗುವಿಗೂ ಕೆಲವು ಸ್ವರಮಟ್ಟ ಕೇಳಿಸದಿರಬಹುದು. ಹುಟ್ಟಿದಾಗ ಪಾಸಾದ ಕಿವಿಯಲ್ಲೂ ಆಮೇಲೆ ನೀರು ತುಂಬಿರಬಹುದು. ಬಾಂದ್ರಾ ರೆಕ್ಲಮೇಶನ್‌ನ ಅಲಿ ಯಾವರ್ ಜಂಗ್ ಸಂಸ್ಥೆ ಶ್ರವಣ ಮತ್ತು ವಾಕ್ ದೋಷಗಳಿಗೆಂದೇ ಇರುವ ಕೇಂದ್ರ ಸರ್ಕಾರದ ಸಂಸ್ಥೆ. ಸದ್ದಿಗೆ ಕಿವಿಯ ನರ, ಮಿದುಳು ಸ್ಪಂದಿಸುವುದನ್ನು ಅಳೆಯುವ ಬೇರಾ ಪರೀಕ್ಷೆಗೆ ಮಗು ಮಲಗಿರಬೇಕು. ಡೊಂಬಿವಿಲಿಯಿಂದ ಹೊರಟ ಮಗು ದಾದರ್ ಬರುವಷ್ಟರಲ್ಲಿ ಲೋಕಲ್‌ನಲ್ಲೇ ನಿದ್ದೆ ಮುಗಿಸಿ, ಪರೀಕ್ಷೆಯ ಹೊತ್ತಿಗೆ ಕಣ್ಣರಳಿಸಿ ಕೂರುತ್ತದೆ. ಇಡೀ ದಿನ ವ್ಯರ್ಥ. ಮಧ್ಯಾಹ್ನ ಮಲಗುವ ಹೊತ್ತಿಗೇ ಅಪಾಯಿಂಟ್‌ಮೆಂಟ್ ಕೇಳಿ, ದಾರಿಯಲ್ಲಿ ಎಚ್ಚರವಾಗಿಟ್ಟು, ಅಲ್ಲಿ ತಲುಪಿದ ಮೇಲೆ ಹಾಲು ಕೊಟ್ಟು ಮಲಗಿಸಿ.

ಆಟಿಸಂ ಪತ್ತೆಗೆ ರಕ್ತಪರೀಕ್ಷೆ, ಸ್ಕ್ಯಾನ್ ಇಲ್ಲ. ಬೆಳವಣಿಗೆ ತಜ್ಞರು ಮಗುವಿನ ಜೊತೆ ಆಡಿ, ಪೋಷಕರನ್ನು ವಿಚಾರಿಸಿ ನಿರ್ಧರಿಸುತ್ತಾರೆ. ಮುಂಬೈಯಲ್ಲಿ ಇದಕ್ಕೆ ಉಮ್ಮೀದ್‌ನಂಥ ಮಕ್ಕಳ ಬೆಳವಣಿಗೆ ಕೇಂದ್ರಗಳಿವೆ. ಲಸಿಕೆಗೂ ಇದಕ್ಕೂ ಸಂಬಂಧವಿಲ್ಲ. ಆ ಭಯ ಹುಟ್ಟಿಸಿದ 1998ರ ಪ್ರಬಂಧವನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂಪಡೆಯಿತು. ಆಟಿಸಂ ಗುಣವಾಗುತ್ತದೆಂದು ಸ್ಟೆಮ್ ಸೆಲ್ ಇಂಜೆಕ್ಷನ್ ಮಾರುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಸರದಿ ಬರುವವರೆಗೆ

ತಜ್ಞರ ಅಪಾಯಿಂಟ್‌ಮೆಂಟಿಗೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಮಗುವನ್ನು ಮಾತಿಗೆ ಸೆಳೆಯುವ ಆಟ ಶುರುಮಾಡಲು ರೋಗನಿರ್ಣಯದ ಚೀಟಿ ಬೇಕಿಲ್ಲ. ದಿನಕ್ಕೆ ಮೂರ್ನಾಲ್ಕು ಸಲ ಹತ್ತು ನಿಮಿಷ, ಮಗುವಿನ ಕಣ್ಣಿನ ಮಟ್ಟಕ್ಕೆ ನೆಲದಲ್ಲಿ ಕೂರಿ. ಅದು ಹಿಡಿದ ವಸ್ತುವನ್ನೇ ಆಟವಾಗಿಸಿ. ಸೋಪಿನ ಗುಳ್ಳೆ ಊದಿ, ಮುಚ್ಚಳ ಹಾಕಿ, ಸುಮ್ಮನೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಮಗು ನೋಡಿದರೂ, ಕೈ ಚಾಚಿದರೂ, ‘ಬ’ ಎಂದರೂ ಅದು ಕೇಳಿದಂತೆಯೇ. ‘ಬೇಕು’ ಎಂದು ನೀವೇ ಹೇಳಿ ತಕ್ಷಣ ಊದಿ. ದೋಸೆಯನ್ನೂ ಹಾಗೆಯೇ ಚೂರುಚೂರಾಗಿ ಕೊಡಿ. ‘ಹೇಳಿದರೇ ಕೊಡುತ್ತೇನೆ’ ಎಂಬ ಹಟ ಬೇಡ, ಅಳು ಶುರುವಾದರೆ ಆಟ ಮುರಿಯುತ್ತದೆ.

ಕನ್ನಡ ಬಿಟ್ಟು ಇಂಗ್ಲಿಷಿನಲ್ಲೇ ಮಾತಾಡಿಸಿ ಎಂದು ಪ್ಲೇಸ್ಕೂಲಿನವರು ಹೇಳಿದರೆ ಒಪ್ಪಬೇಡಿ. ನಿಮ್ಮ ನಾಲಿಗೆಗೆ ಸರಾಗವಾದ ಭಾಷೆಯಲ್ಲೇ ಮುದ್ದು, ಗದರಿಕೆ, ಹಾಡು ಸಹಜವಾಗಿ ಬರುತ್ತವೆ; ಉಡುಪಿಯ ಅಜ್ಜಿ ಫೋನಿನಲ್ಲಿ ಮಾತಾಡಿಸುವುದೂ ಅದರಲ್ಲೇ. ಮುಂದೆ ಮಾತು ಕಲಿಸುವ ಥೆರಪಿ ಹಿಂದಿಯಲ್ಲಿ ನಡೆದರೆ ಆ ವಾರದ ಐದಾರು ಪದ ಬರೆದುಕೊಂಡು ಬಂದು, ಅದೇ ಆಟದಲ್ಲಿ ಅವುಗಳ ಕನ್ನಡ ಬಳಸಿ. ಆ ಚೀಟಿಯ ಒಂದು ಪ್ರತಿ ಮಾವಶಿಗೂ ಕೊಡಿ.